ಪ್ರಶ್ನೋತ್ತರ: ಐದು ಪೀಸ್ ಯಾವಾಗ, ಎಲ್ಲಿಂದ ತೆಗೆಯಬೇಕು?

ಕಂಟ್ರೋಲ್ ಚಾರ್ಟ್ ಅಂದರೆ ಉತ್ಪಾದನೆಯ ಅಳತೆಗಳನ್ನು ಹೊತ್ತುಹೊತ್ತಿಗೆ ಗುರುತಿಸಿ, ಪ್ರಕ್ರಿಯೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ನೋಡುವ ನಕ್ಷೆ. ಅದರ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಬಹುಪಾಲು ಸಬ್‌ಗ್ರೂಪ್ ಹತ್ತಿರ, ಅಂದರೆ ಚಾರ್ಟಿನ ಒಂದು ಬಿಂದುವಿಗಾಗಿ ಒಟ್ಟಿಗೆ ಲೆಕ್ಕ ಹಾಕುವ ಕೆಲವು ಪೀಸ್‌ಗಳ ಗುಂಪಿನ ಹತ್ತಿರ, ಬಂದು ನಿಲ್ಲುತ್ತವೆ. ಸರಾಸರಿ, ರೇಂಜ್ (ಗುಂಪಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ಅಂತರ), ಲಿಮಿಟ್ (ಬಿಂದು ದಾಟಿದರೆ ಕಾರಣ ಹುಡುಕಬೇಕಾದ ಗೆರೆ) ಇವುಗಳ ಲೆಕ್ಕವನ್ನು ಎಕ್ಸೆಲ್ ಶೀಟ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಯಾವ ಪೀಸ್‌ಗಳನ್ನು ಒಂದು ಗುಂಪಿಗೆ ಹಾಕಬೇಕು ಎಂಬುದನ್ನು ಅದು ಹೇಳಲಾರದು. ಮೆಷಿನ್ ಬಲ್ಲವರೇ ಅದನ್ನು ತೀರ್ಮಾನಿಸಬೇಕು. ಅಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಸರಿಯಿದ್ದೂ ಚಾರ್ಟ್ ಉಪಯೋಗಕ್ಕೆ ಬಾರದು. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 25 ಮಿ.ಮೀ. ಶಾಫ್ಟ್ ಟರ್ನಿಂಗ್, ಗಂಟೆಗೆ ಸುಮಾರು 60 ಪೀಸ್. ಕಸ್ಟಮರ್ ಕೊಟ್ಟ ಕಂಟ್ರೋಲ್ ಪ್ಲ್ಯಾನ್‌ನಲ್ಲಿ ‘ಗಂಟೆಗೆ 5’ ಅಂತಷ್ಟೇ ಇದೆ. ಒಬ್ಬ ಆಪರೇಟರ್ ಗಂಟೆ ಮುಗಿಯುವಾಗ ಸಾಲಾಗಿ ಐದು ಪೀಸ್ ತೆಗೆಯುತ್ತಾರೆ. ಇನ್ನೊಬ್ಬರು ಹದಿನೈದು ನಿಮಿಷಕ್ಕೊಂದರಂತೆ ಎತ್ತಿಟ್ಟು, ಕೊನೆಗೆ ಐದನ್ನೂ ಒಟ್ಟಿಗೆ ಅಳೆಯುತ್ತಾರೆ. ಯಾವುದು ಸರಿ? — ಸಿಎನ್‌ಸಿ ಶಾಪ್ ಮೇಲ್ವಿಚಾರಕರು, ಪೀಣ್ಯ

ಉತ್ತರ: ಸಾಲಾಗಿ ತೆಗೆಯುವುದು ಸರಿ. ಏಕೆಂದು ತಿಳಿಯಲು ಎಕ್ಸ್-ಬಾರ್ ಆರ್ ಚಾರ್ಟಿನ (ಗುಂಪಿನ ಸರಾಸರಿಗೆ ಎಕ್ಸ್-ಬಾರ್, ರೇಂಜಿಗೆ ಆರ್ ಎಂಬ ಜೋಡಿ ಚಾರ್ಟ್) ಲಿಮಿಟ್‌ಗಳು ಎಲ್ಲಿಂದ ಬರುತ್ತವೆ ಎಂದು ನೋಡಬೇಕು. ಸರಾಸರಿಗಳ ಚಾರ್ಟಿನ ಮೇಲಿನ, ಕೆಳಗಿನ ಗೆರೆಗಳು ಡ್ರಾಯಿಂಗ್ ಟಾಲರೆನ್ಸ್‌ನಿಂದ, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದೆಂದು ಡ್ರಾಯಿಂಗ್ ಒಪ್ಪುವ ಮಿತಿಯಿಂದ, ಬರುವುದಿಲ್ಲ. ಸರಾಸರಿಗಳು ಎಷ್ಟು ಏರಿಳಿದಿವೆ ಎಂಬುದರಿಂದಲೂ ಬರುವುದಿಲ್ಲ. ಪ್ರತಿ ಸಬ್‌ಗ್ರೂಪಿನ ಒಳಗಿನ ರೇಂಜ್‌ಗಳ ಸರಾಸರಿಯನ್ನು ಎ2 ಎಂಬ ಗುಣಕದಿಂದ ಗುಣಿಸಿ ಅವನ್ನು ಎಳೆಯುತ್ತೇವೆ. ಐದರ ಗುಂಪಿಗೆ ಎ2 ಬೆಲೆ 0.577. ಅಂದರೆ ಗುಂಪಿನ ಒಳಗಿನ ವ್ಯತ್ಯಾಸವೇ ಅಳತೆಗೋಲು, ಗುಂಪು ಗುಂಪಿನ ನಡುವಿನ ಬದಲಾವಣೆಯನ್ನು ಅದರಿಂದಲೇ ಅಳೆಯುತ್ತೇವೆ. ನೀವು ಹಿಡಿಯಬೇಕೆಂದಿರುವ ಕಾರಣ ಗುಂಪಿನ ಒಳಗೇ ಸೇರಿಕೊಂಡರೆ ಅಳತೆಗೋಲೇ ಉದ್ದವಾಗುತ್ತದೆ, ಆ ಕಾರಣ ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಮೆಷಿನ್ನಿಗೇ ಒಂದು ಲೆಕ್ಕ ಹಾಕೋಣ. ಪೀಸಿನಿಂದ ಪೀಸಿಗೆ ಇರುವ ಸಹಜ ವ್ಯತ್ಯಾಸದ ಸಿಗ್ಮಾ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳು ಎಷ್ಟು ಚದುರಿವೆ ಎಂಬುದರ ಅಳತೆ) 2 ಮೈಕ್ರಾನ್, ಅಂದರೆ 0.002 ಮಿ.ಮೀ. ಎಂದಿಟ್ಟುಕೊಳ್ಳಿ. ಇನ್ಸರ್ಟ್ (ಕತ್ತರಿಸುವ ತುದಿ) ಸವೆದು ಗಂಟೆಗೆ ವ್ಯಾಸ 6 ಮೈಕ್ರಾನ್ ಏರುತ್ತದೆ, ಗಂಟೆಗೊಮ್ಮೆ ಆಫ್‌ಸೆಟ್ (ಟೂಲ್ ಸ್ಥಾನದ ತಿದ್ದುಪಡಿ) ಕೊಟ್ಟು ಹಿಂದಕ್ಕೆ ತರುತ್ತೀರಿ. ಸಾಲಾಗಿ ತೆಗೆದ ಐದರ ಸರಾಸರಿ ರೇಂಜ್ ಸುಮಾರು 4.65 ಮೈಕ್ರಾನ್ ಬರುತ್ತದೆ, ಲಿಮಿಟ್‌ಗಳು ಮಧ್ಯಗೆರೆಯಿಂದ ಆಚೀಚೆ 2.7 ಮೈಕ್ರಾನ್‌ನಲ್ಲಿ ಕೂರುತ್ತವೆ. ಗಂಟೆಯುದ್ದಕ್ಕೂ ಚದುರಿಸಿ ತೆಗೆದರೆ ಸವೆತದ ಆರು ಮೈಕ್ರಾನೂ ರೇಂಜಿಗೆ ಸೇರಿಕೊಳ್ಳುತ್ತದೆ. ಸರಾಸರಿ ರೇಂಜ್ 7 ದಾಟುತ್ತದೆ, ಲಿಮಿಟ್‌ಗಳು ಆಚೀಚೆ 4.2 ಮೈಕ್ರಾನ್‌ಗೆ ಅಗಲವಾಗುತ್ತವೆ. ಈಗ ಇನ್ಸರ್ಟ್ ಬದಲಿಸುವಾಗ ಸೀಟಿನಲ್ಲಿ ಸಣ್ಣ ಚಿಪ್ ಸಿಕ್ಕಿಕೊಂಡು ವ್ಯಾಸ 3 ಮೈಕ್ರಾನ್ ಸರಿಯಿತು ಅನ್ನಿ. ಮೊದಲ ಆಪರೇಟರ ಚಾರ್ಟ್ ಮುಂದಿನ ಗುಂಪಿನಲ್ಲೇ ಅದನ್ನು ಹಿಡಿಯುವ ಸಾಧ್ಯತೆ ಹತ್ತಕ್ಕೆ ಆರಕ್ಕಿಂತ ಸ್ವಲ್ಪ ಹೆಚ್ಚು. ಎರಡನೆಯವರ ಚಾರ್ಟಿನಲ್ಲಿ ಹತ್ತಕ್ಕೆ ಒಂದೂ ಇಲ್ಲ. ಇಬ್ಬರೂ ಅಳೆದದ್ದು ಐದೈದೇ ಪೀಸ್, ಇಬ್ಬರಿಗೂ ಆದ ಖರ್ಚು ಒಂದೇ.

ಸಾಲಾಗಿ ತೆಗೆಯುವಾಗ ಎರಡು ವಿಷಯ ಗಮನಿಸಿ. ಒಂದು, ಆಫ್‌ಸೆಟ್ ಕೊಡುವ ಮೊದಲೇ ಐದು ಪೀಸ್ ತೆಗೆಯಬೇಕು. ಆಫ್‌ಸೆಟ್ ಕೊಟ್ಟ ಮೇಲೆ ತೆಗೆದರೆ ಸರಿಪಡಿಸಿದ ಸ್ಥಿತಿ ಮಾತ್ರ ಚಾರ್ಟಿಗೆ ಬರುತ್ತದೆ, ಅದಕ್ಕೆ ಮುಂಚೆ ಮಾಡಿದ ಮಾಲು ಹೇಗಿತ್ತೆಂಬುದು ದಾಖಲಾಗುವುದೇ ಇಲ್ಲ. ಎಷ್ಟು ಆಫ್‌ಸೆಟ್ ಕೊಟ್ಟಿರಿ ಎಂಬುದನ್ನು ಆ ಬಿಂದುವಿನ ಕೆಳಗೇ ಬರೆಯಿಸಿ. ಎರಡು, ಎರಡು ಗುಂಪುಗಳ ನಡುವಿನ 55 ಪೀಸ್‌ಗಳಲ್ಲಿ ಏನೋ ಆಗಿ ತಾನೇ ಸರಿಹೋದರೆ ಈ ಕ್ರಮ ಅದನ್ನು ಕಾಣುವುದಿಲ್ಲ. ಅಂಥ ಕ್ಷಣಿಕ ದೋಷದ ಭಯ ನಿಜವಾಗಿ ಇದ್ದರೆ ಗುಂಪನ್ನು ಚದುರಿಸಬೇಡಿ, ಗುಂಪುಗಳನ್ನು ಹತ್ತಿರ ತನ್ನಿ: ಅರ್ಧ ಗಂಟೆಗೆ ಮೂರು ಪೀಸ್. ಚದುರಿಸಿ ತೆಗೆದ ಐದು ‘ಈ ಗಂಟೆಯ ಟ್ರೇ ಒಟ್ಟಾರೆ ಹೇಗಿದೆ’ ಎಂದು ನೋಡಲು ಆಗಬಹುದು. ಅದು ಲಾಟ್ ತಪಾಸಣೆಯ ಕೆಲಸ, ಚಾರ್ಟಿನ ಕೆಲಸ ಬೇರೆ.

ಪ್ರಶ್ನೆ: ಒಂದೇ ಪೀಸನ್ನು ಐದು ಕಡೆ ಅಳೆದು ಸಬ್‌ಗ್ರೂಪ್ ಮಾಡಬಹುದೇ? ಸಮಯ ಉಳಿಯುತ್ತದೆ.

ಉತ್ತರ: ಮಾಡಬೇಡಿ. ಒಂದೇ ಶಾಫ್ಟನ್ನು ಐದು ಕಡೆ ಅಳೆದರೆ ಸಿಗುವುದು ಅದರ ಟೇಪರ್ (ತುದಿಯಿಂದ ತುದಿಗೆ ವ್ಯಾಸ ಬದಲಾಗುವುದು) ಮತ್ತು ಓವ್ಯಾಲಿಟಿ (ಪೂರ್ತಿ ದುಂಡಗಿಲ್ಲದಿರುವುದು). ಆ ವ್ಯತ್ಯಾಸಕ್ಕೂ ಪೀಸಿನಿಂದ ಪೀಸಿಗೆ ಆಗುವ ವ್ಯತ್ಯಾಸಕ್ಕೂ ಸಂಬಂಧವಿರಬೇಕೆಂದಿಲ್ಲ. ಟೇಪರ್ ಮುಖ್ಯವಾದರೆ ಎರಡು ತುದಿಯ ವ್ಯಾಸಗಳ ಅಂತರವನ್ನೇ ಬೇರೊಂದು ಅಳತೆಯಾಗಿ ಇಟ್ಟುಕೊಂಡು ಅದಕ್ಕೊಂದು ಚಾರ್ಟ್ ಮಾಡಿ. ವ್ಯಾಸದ ಚಾರ್ಟಿಗೆ ಪ್ರತಿ ಪೀಸನ್ನೂ ಒಂದೇ ಗೊತ್ತುಪಡಿಸಿದ ಜಾಗದಲ್ಲಿ ಅಳೆಯಿರಿ. ಉದಾಹರಣೆಗೆ, ಶೋಲ್ಡರ್‌ನಿಂದ 10 ಮಿ.ಮೀ. ದೂರದಲ್ಲಿ.

ಪ್ರಶ್ನೆ: ನಾಲ್ಕು ಕ್ಯಾವಿಟಿ (ಅಚ್ಚಿನ ಕುಳಿ) ಇರುವ ಮೋಲ್ಡ್‌ನಲ್ಲಿ ಪ್ಲಾಸ್ಟಿಕ್ ಕ್ಯಾಪ್ ಮಾಡುತ್ತೇವೆ; ಒಂದು ಶಾಟ್‌ಗೆ, ಅಂದರೆ ಒಮ್ಮೆ ಪ್ಲಾಸ್ಟಿಕ್ ತುಂಬಿದಾಗ, ನಾಲ್ಕು ಕ್ಯಾಪ್ ಬರುತ್ತವೆ. ಪ್ರತಿ ಗಂಟೆ ಒಂದು ಶಾಟ್‌ನ ನಾಲ್ಕೂ ಕ್ಯಾಪ್ ತೂಗಿ ಒಂದು ಸಬ್‌ಗ್ರೂಪ್ ಮಾಡುತ್ತೇವೆ. ಆರು ತಿಂಗಳಿಂದ ಒಂದು ಬಿಂದುವೂ ಲಿಮಿಟ್ ದಾಟಿಲ್ಲ. ಎಲ್ಲವೂ ಮಧ್ಯಗೆರೆಗೆ ಅಂಟಿಕೊಂಡಿವೆ. ಆಡಿಟ್‌ಗೆ ಬಂದವರು ಮೆಚ್ಚಿದರು. ಆದರೆ ಕಸ್ಟಮರ್ ಹತ್ತಿರ ತೂಕ ಕಡಿಮೆ ಎಂಬ ದೂರು ಬರುತ್ತಿದೆ. — ಮೋಲ್ಡಿಂಗ್ ಘಟಕದ ಕ್ವಾಲಿಟಿ ಎಂಜಿನಿಯರ್, ಬೊಮ್ಮಸಂದ್ರ

ಉತ್ತರ: ಬಿಂದುಗಳು ಮಧ್ಯಗೆರೆಗೆ ಅಂಟಿಕೊಂಡಿರುವುದು ಒಳ್ಳೆಯ ಲಕ್ಷಣವಲ್ಲ. ಪ್ರಕ್ರಿಯೆ ಸಹಜವಾಗಿ ನಡೆಯುತ್ತಿದ್ದರೆ ಸುಮಾರು ಮೂರನೇ ಒಂದು ಭಾಗದಷ್ಟು ಬಿಂದುಗಳು ಒಂದು ಸಿಗ್ಮಾದ ಪಟ್ಟಿಯಿಂದ ಆಚೆಗಿರಬೇಕು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 1956ರ ಕೈಪಿಡಿಯಲ್ಲೇ ಇದಕ್ಕೊಂದು ಪರೀಕ್ಷೆ ಇದೆ: ಸಾಲಾಗಿ 15 ಬಿಂದುಗಳು ಮಧ್ಯಗೆರೆಯ ಆಚೀಚೆ ಒಂದು ಸಿಗ್ಮಾದೊಳಗೇ ಇದ್ದರೆ ಸಬ್‌ಗ್ರೂಪ್ ಮಾಡಿದ ರೀತಿಯನ್ನು ಅನುಮಾನಿಸಬೇಕು.

ನಿಮ್ಮಲ್ಲಿ ಆಗಿರುವುದನ್ನು ಅಂಕಿಗಳಲ್ಲಿ ನೋಡಿ. ನಾಲ್ಕು ಕ್ಯಾವಿಟಿಗಳ ಸರಾಸರಿ ತೂಕ 8.10, 8.14, 8.22, 8.26 ಗ್ರಾಂ ಎಂದಿರಲಿ. ಒಂದೇ ಕ್ಯಾವಿಟಿಯಲ್ಲಿ ಶಾಟಿನಿಂದ ಶಾಟಿಗೆ ಸಿಗ್ಮಾ ಬರೀ 0.01 ಗ್ರಾಂ. ಒಂದು ಶಾಟ್‌ನ ನಾಲ್ಕನ್ನು ಗುಂಪಾಗಿಸಿದರೆ ರೇಂಜ್ ಪ್ರತಿ ಸಲ 0.16ರ ಆಸುಪಾಸಿನಲ್ಲೇ ಬರುತ್ತದೆ. ನಾಲ್ಕರ ಗುಂಪಿಗೆ ಎ2 ಬೆಲೆ 0.729, ಆದ್ದರಿಂದ ಲಿಮಿಟ್ ಆಚೀಚೆ 0.117 ಗ್ರಾಂ. ಸರಾಸರಿಗಳು ನಿಜವಾಗಿ ಓಡಾಡುವುದು ಆಚೀಚೆ 0.015 ಗ್ರಾಂ ಒಳಗೆ. ಹೋಲ್ಡಿಂಗ್ ಪ್ರೆಷರ್ ಇಳಿದು ನಾಲ್ಕೂ ಕ್ಯಾವಿಟಿಯ ತೂಕ 0.05 ಗ್ರಾಂ ಕುಸಿದರೂ, ಅಂದರೆ ಸಹಜ ವ್ಯತ್ಯಾಸದ ಐದು ಪಟ್ಟು ಸರಿದರೂ, ಬಿಂದು ಲಿಮಿಟ್‌ನ ಅರ್ಧ ದಾರಿಗೂ ಹೋಗುವುದಿಲ್ಲ. ನಿಮ್ಮ ಕಸ್ಟಮರ್ ಕಂಡದ್ದು ಇಂಥದ್ದೇ ಇರಬಹುದು.

ನಿಮ್ಮ ಆರ್ ಚಾರ್ಟನ್ನೂ ತೆಗೆದು ನೋಡಿ. ಅಲ್ಲಿನ ಬಿಂದುಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಲುಗಟ್ಟಿದ್ದರೆ ಸಂಶಯ ಬೇಡ. ನಿಜವಾದ ಆಕಸ್ಮಿಕ ವ್ಯತ್ಯಾಸದಿಂದ ಬಂದ ರೇಂಜ್ ಹಾಗೆ ಸ್ಥಿರವಾಗಿರುವುದಿಲ್ಲ. ಕ್ಯಾವಿಟಿ ಕ್ಯಾವಿಟಿಯ ನಡುವಿನ ಶಾಶ್ವತ ಅಂತರ ಮಾತ್ರ ಹಾಗೆ ಪದೇ ಪದೇ ಒಂದೇ ಅಂಕಿಯಾಗಿ ಬರುತ್ತದೆ.

ದಾರಿ ಮೂರಿವೆ. ಮೊದಲನೆಯದು, ಪ್ರತಿ ಕ್ಯಾವಿಟಿಗೂ ಪ್ರತ್ಯೇಕ ಚಾರ್ಟ್. ಸಾಲಾಗಿ ನಾಲ್ಕು ಶಾಟ್ ತೆಗೆದು, ಕ್ಯಾವಿಟಿ ನಂಬರ್ ನೋಡಿ ವಿಂಗಡಿಸಿ, ಒಂದು ಕ್ಯಾವಿಟಿಯ ನಾಲ್ಕು ಕ್ಯಾಪ್ ಒಂದು ಗುಂಪು. ಸರಾಸರಿ ರೇಂಜ್ 0.02 ಗ್ರಾಂ ಆಗಿ, ಲಿಮಿಟ್ ಆಚೀಚೆ 0.015ಕ್ಕೆ ಬರುತ್ತದೆ. ನಾಲ್ಕು ಕ್ಯಾವಿಟಿಗೆ ಇದು ಸಾಧ್ಯ, 32 ಕ್ಯಾವಿಟಿಗೆ ಸಾಧ್ಯವಿಲ್ಲ.

ಎರಡನೆಯದು ನಮಗೆ ಹೆಚ್ಚು ಇಷ್ಟವಾದದ್ದು. ಈಗ ತೆಗೆಯುತ್ತಿರುವ ಹಾಗೆಯೇ ಒಂದು ಶಾಟ್ ತೆಗೆಯಿರಿ. ನಾಲ್ಕರ ಸರಾಸರಿಯನ್ನು ಒಂದೇ ಒಂದು ಅಳತೆ ಎಂದು ಭಾವಿಸಿ, ಹಿಂದಿನ ಶಾಟ್‌ನ ಸರಾಸರಿಯೊಂದಿಗೆ ಅದಕ್ಕಿರುವ ಅಂತರವನ್ನು ಮೂವಿಂಗ್ ರೇಂಜ್ ಆಗಿ ತೆಗೆದುಕೊಳ್ಳಿ. ಲಿಮಿಟ್‌ಗಳು ಈ ಮೂವಿಂಗ್ ರೇಂಜ್‌ಗಳ ಸರಾಸರಿಯ 2.66 ಪಟ್ಟು ದೂರದಲ್ಲಿ. ಇನ್ನೊಂದು ಚಾರ್ಟಿನಲ್ಲಿ ಶಾಟ್‌ನ ಒಳಗಿನ ರೇಂಜ್ ಗುರುತಿಸಿ. ಮೊದಲ ಚಾರ್ಟ್ ಪ್ರೆಷರ್, ತಾಪಮಾನ, ಮೆಟೀರಿಯಲ್ ಬದಲಾವಣೆಯನ್ನು ಹಿಡಿಯುತ್ತದೆ, ಎರಡನೆಯದು ಯಾವುದೋ ಗೇಟ್ (ಕ್ಯಾವಿಟಿಗೆ ಪ್ಲಾಸ್ಟಿಕ್ ಹೋಗುವ ಬಾಯಿ) ಕಟ್ಟಿಕೊಂಡು ಒಂದು ಕ್ಯಾವಿಟಿ ಹಿಂದೆ ಬಿದ್ದದ್ದನ್ನು. ಮೂರನೆಯದು, ಪ್ರತಿ ಕ್ಯಾಪಿನ ತೂಕದಿಂದ ಆಯಾ ಕ್ಯಾವಿಟಿಯ ದೀರ್ಘಕಾಲದ ಸರಾಸರಿ ಕಳೆದು, ಉಳಿದದ್ದನ್ನು ಮಾತ್ರ ಚಾರ್ಟಿಗೆ ಹಾಕುವುದು. ಕ್ಯಾವಿಟಿ ಹೆಚ್ಚಿದ್ದಾಗ ಅನುಕೂಲ, ಆದರೆ ಮೋಲ್ಡ್ ರಿಪೇರಿ ಆದಾಗಲೆಲ್ಲ ಆ ಸರಾಸರಿಗಳನ್ನು ಹೊಸದಾಗಿ ತೆಗೆಯಬೇಕು.

8.10 ಮತ್ತು 8.26ರ ನಡುವಿನ ಅಂತರವಂತೂ ಯಾವ ಚಾರ್ಟಿನಿಂದಲೂ ಹೋಗುವುದಿಲ್ಲ. ಅದು ಟೂಲ್‌ರೂಮ್ ಕೆಲಸ: ಗೇಟ್ ಅಳತೆ, ರನ್ನರ್ ಬ್ಯಾಲೆನ್ಸ್, ಕೂಲಿಂಗ್.

ಪ್ರಶ್ನೆ: ನಮ್ಮದು ಗ್ರೇ ಐರನ್ ಫೌಂಡ್ರಿ. ಪ್ರತಿ ಹೀಟ್‌ನಿಂದ (ಒಂದು ಸಲಕ್ಕೆ ಕರಗಿಸಿದ ಲೋಹ) ನಾಣ್ಯದಂಥ ಒಂದು ಕಾಯಿನ್ ಸ್ಯಾಂಪಲ್ ಹೊಯ್ದು, ಲೋಹದಲ್ಲಿ ಯಾವ ಅಂಶ ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್‌ನಲ್ಲಿ ಮೂರು ಸ್ಪಾರ್ಕ್ ಕೊಟ್ಟು, ಮೂರು ರೀಡಿಂಗ್‌ಗಳನ್ನು ಸಬ್‌ಗ್ರೂಪ್ ಮಾಡಿ ಸಿಲಿಕಾನ್ ಚಾರ್ಟ್ ಹಾಕಿದೆವು. ಹೆಚ್ಚಿನ ಹೀಟ್‌ಗಳು ಲಿಮಿಟ್ ಹೊರಗೆ ಬೀಳುತ್ತಿವೆ. ಕಾಸ್ಟಿಂಗ್ ಮಾತ್ರ ಚೆನ್ನಾಗಿವೆ. ಚಾರ್ಟ್ ನಮಗೆ ಆಗಿಬರುವುದಿಲ್ಲವೇ? — ಮೆಲ್ಟಿಂಗ್ ಮೇಲ್ವಿಚಾರಕರು, ಬೆಳಗಾವಿ

ಉತ್ತರ: ಆಗಿಬರುತ್ತದೆ, ಗುಂಪು ಮಾತ್ರ ಬದಲಾಗಬೇಕು. ಬೊಮ್ಮಸಂದ್ರದವರದಕ್ಕೆ ನೇರ ಉಲ್ಟಾ ತಪ್ಪು ಇದು. ಅಲ್ಲಿ ಗುಂಪಿನ ಒಳಗೆ ಬೇಡದ್ದು ತುಂಬಿಕೊಂಡಿತ್ತು, ಇಲ್ಲಿ ಇರಬೇಕಾದದ್ದೇ ಒಳಗಿಲ್ಲ. ಒಂದೇ ಕಾಯಿನ್ ಮೇಲಿನ ಮೂರು ಸ್ಪಾರ್ಕ್‌ಗಳ ನಡುವಿನ ವ್ಯತ್ಯಾಸ ಸ್ಪೆಕ್ಟ್ರೋಮೀಟರಿನ ಅಳತೆಯ ವ್ಯತ್ಯಾಸ. ಚಾರ್ಜ್‌ನ ಸ್ಕ್ರ್ಯಾಪ್, ಫೆರೋ ಸಿಲಿಕಾನ್ ತೂಕ, ಫರ್ನೇಸ್‌ನಲ್ಲಿ ಹಿಡಿದಿಟ್ಟ ಸಮಯ, ಇವು ಹೀಟಿನಿಂದ ಹೀಟಿಗೆ ಸಹಜವಾಗಿ ಬದಲಾಗುತ್ತವೆ. ಆ ಸಹಜ ಬದಲಾವಣೆಗೆ ನಿಮ್ಮ ಲಿಮಿಟ್‌ನಲ್ಲಿ ಜಾಗವೇ ಇಲ್ಲ.

ಎಂಟು ಹೀಟ್‌ಗಳ ಸಿಲಿಕಾನ್ ಶೇಕಡಾ ಹೀಗಿದೆ ಎನ್ನಿ: 2.05, 2.12, 1.98, 2.10, 2.04, 2.15, 2.08, 2.01. ಸರಾಸರಿ 2.066. ಒಂದು ಕಾಯಿನ್‌ನ ಮೂರು ರೀಡಿಂಗ್‌ಗಳ ಸರಾಸರಿ ರೇಂಜ್ 0.02. ಮೂರರ ಗುಂಪಿಗೆ ಎ2 ಬೆಲೆ 1.023. ಹಾಗಾದರೆ ಲಿಮಿಟ್ 2.046ರಿಂದ 2.086, ಎಂಟರಲ್ಲಿ ಆರು ಹೀಟ್ ಹೊರಗೆ! ಇದನ್ನು ನಂಬಿ ಪ್ರತಿ ಹೀಟಿಗೂ ಫೆರೋ ಸಿಲಿಕಾನ್ ಹೆಚ್ಚುಕಡಿಮೆ ಮಾಡತೊಡಗಿದರೆ ಏರಿಳಿತ ಇನ್ನಷ್ಟು ಹೆಚ್ಚುತ್ತದೆ.

ಈಗ ಹೀಟಿಗೊಂದೇ ಅಂಕಿ ಇಟ್ಟುಕೊಳ್ಳಿ, ಮೂರು ಸ್ಪಾರ್ಕಿನ ಸರಾಸರಿ. ಪಕ್ಕಪಕ್ಕದ ಹೀಟ್‌ಗಳ ಅಂತರ 0.07, 0.14, 0.12, 0.06, 0.11, 0.07, 0.07. ಇವುಗಳ ಸರಾಸರಿ 0.091, ಅದರ 2.66 ಪಟ್ಟು 0.243. ಲಿಮಿಟ್‌ಗಳು 1.82 ಮತ್ತು 2.31. ಎಂಟೂ ಒಳಗಿವೆ. (ಎಂಟು ಹೀಟ್ ಇಲ್ಲಿ ಲೆಕ್ಕ ತೋರಿಸಲು ಮಾತ್ರ. ನಿಜವಾದ ಲಿಮಿಟ್ ಇಡಲು ಇಪ್ಪತ್ತರಿಂದ ಇಪ್ಪತ್ತೈದು ಹೀಟ್ ಬೇಕು.) ಮೂರು ಸ್ಪಾರ್ಕಿನ ರೇಂಜ್ ಬಿಸಾಡಬೇಡಿ. ಅದನ್ನು ಬೇರೆ ಚಾರ್ಟಿನಲ್ಲಿ ಹಾಕಿದರೆ ಸ್ಪೆಕ್ಟ್ರೋಮೀಟರಿನ ಆರೋಗ್ಯ ತಿಳಿಯುತ್ತದೆ. ಕಾಯಿನ್‌ನಲ್ಲಿ ಬ್ಲೋ ಹೋಲ್ ಇದ್ದರೂ, ಮೇಲ್ಮೈ ಸರಿಯಾಗಿ ಗ್ರೈಂಡ್ ಆಗದಿದ್ದರೂ, ಇಲೆಕ್ಟ್ರೋಡ್ ಕೊಳೆಯಾಗಿದ್ದರೂ ರೇಂಜ್ ಎದ್ದು ಕಾಣುತ್ತದೆ.

ಬ್ಯಾಚ್ ಲೆಕ್ಕದಲ್ಲಿ ನಡೆಯುವ ಎಲ್ಲ ಕೆಲಸಕ್ಕೂ ಇದೇ ಮಾತು: ಹೀಟ್ ಟ್ರೀಟ್‌ಮೆಂಟಿನ ಒಂದು ಲೋಡ್, ಪ್ಲೇಟಿಂಗ್ ತೊಟ್ಟಿಯ ಒಂದು ರ‍್ಯಾಕ್, ಬಣ್ಣದ ಒಂದು ಮಿಕ್ಸ್. ಚೆನ್ನಾಗಿ ಕಲಕಿದ ತೊಟ್ಟಿಯಿಂದ ಐದು ಲೋಟ ತೆಗೆದರೂ ಅದು ಒಂದೇ ಮಾಹಿತಿ.

ಪ್ರಶ್ನೆ: ಗುಂಪಿನಲ್ಲಿ ಎಷ್ಟಿರಬೇಕು? ಕೆಲವರು 4 ಅನ್ನುತ್ತಾರೆ, ಕೆಲವರು 5, ನಮ್ಮ ಒಬ್ಬ ಕಸ್ಟಮರ್ 10 ಕೇಳುತ್ತಾರೆ. — ತುಮಕೂರು

ಉತ್ತರ: ಎಷ್ಟು ದೊಡ್ಡ ಸರಿತವನ್ನು ಹಿಡಿಯಬೇಕು ಎಂಬುದರ ಮೇಲೆ ಅದು ನಿಂತಿದೆ. ಪ್ರಕ್ರಿಯೆ ಒಂದು ಸಿಗ್ಮಾದಷ್ಟು ಸರಿದರೆ, ಸರಿದ ನಂತರದ ಮೊದಲ ಗುಂಪೇ ಲಿಮಿಟ್ ದಾಟುವ ಸಾಧ್ಯತೆ ಬಿಡಿ ಅಳತೆಗೆ ಶೇ. 2, ನಾಲ್ಕರ ಗುಂಪಿಗೆ ಶೇ. 16, ಐದರ ಗುಂಪಿಗೆ ಶೇ. 22, ಒಂಬತ್ತರ ಗುಂಪಿಗೆ ಶೇ. 50. ಸರಿತ ಎರಡು ಸಿಗ್ಮಾ ಇದ್ದರೆ ಐದರ ಗುಂಪೇ ಶೇ. 93ರಷ್ಟು ಹಿಡಿಯುತ್ತದೆ. ಟಾಲರೆನ್ಸ್ ಅಗಲವಾಗಿದ್ದು ಒಂದು ಸಿಗ್ಮಾದ ಸರಿತದಿಂದ ಒಂದು ಪೀಸೂ ಕೆಡದು ಎಂದಾದರೆ ಹತ್ತರ ಗುಂಪು ದಂಡ. ಸುಳ್ಳೇ ಮೆಷಿನ್ ನಿಲ್ಲಿಸಿ ಕಾರಣ ಹುಡುಕಬೇಕಾಗುತ್ತದೆ.

ಗುಂಪು ದೊಡ್ಡದಾದಷ್ಟೂ ಅದರೊಳಗೆ ಬೇರೆ ಕಾರಣ ನುಸುಳುವ ಅವಕಾಶವೂ ದೊಡ್ಡದು: ನಡುವೆ ಬಾರ್ ಬದಲಾಗುತ್ತದೆ, ಆಪರೇಟರ್ ಚಹಾಕ್ಕೆ ಹೋಗುತ್ತಾರೆ, ಮೆಷಿನ್ ತಣ್ಣಗಾಗುತ್ತದೆ. ನಾಲ್ಕು ಅಥವಾ ಐದು ಬಹುತೇಕ ಕಡೆ ಸಾಕು. ಅಳತೆ ದುಬಾರಿಯಾದರೆ, ಅಥವಾ ಪೀಸ್ ಒಡೆದೇ ಪರೀಕ್ಷಿಸಬೇಕಾದರೆ, ಎರಡು ಅಥವಾ ಮೂರು. ಹತ್ತೇ ಬೇಕು ಎಂದು ಕಸ್ಟಮರ್ ಹಟ ಹಿಡಿದರೆ ರೇಂಜ್ ಬಿಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ಬಳಸುವ ಎಕ್ಸ್-ಬಾರ್ ಎಸ್ ಚಾರ್ಟ್ ಹಾಕಿ. ರೇಂಜ್ ನೋಡುವುದು ಎರಡು ತುದಿಯ ಅಂಕಿಗಳನ್ನು ಮಾತ್ರ, ನಡುವಿನ ಎಂಟರ ಮಾಹಿತಿ ವ್ಯರ್ಥ.

ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೆ ಒಂದು ಸರಳ ಲೆಕ್ಕ. 1.5 ಸಿಗ್ಮಾ ಸರಿತವನ್ನು ನಾಲ್ಕರ ಗುಂಪು ಶೇ. 50ರಷ್ಟು ಹಿಡಿಯುತ್ತದೆ, ಅಂದರೆ ಸರಾಸರಿ ಎರಡು ಗುಂಪು ಬೇಕು. ಗಂಟೆಗೊಂದು ಗುಂಪಾದರೆ ಸುಮಾರು ಎರಡು ಗಂಟೆಯ ಮಾಲು ಸಂಶಯದಲ್ಲಿರುತ್ತದೆ. ಅಷ್ಟನ್ನು ಕೂತು ವಿಂಗಡಿಸಲು ನಿಮ್ಮಿಂದ ಆಗುತ್ತದೆಯೇ? ಆಗದಿದ್ದರೆ ಅರ್ಧ ಗಂಟೆಗೊಮ್ಮೆ ತೆಗೆಯಿರಿ.

ಪ್ರಶ್ನೆ: ಈ ಸಬ್‌ಗ್ರೂಪ್ ಕಲ್ಪನೆ ಯಾರದು? ಭಾರತಕ್ಕೆ ಯಾವಾಗ ಬಂತು? — ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ವಾಲ್ಟರ್ ಶೂಹಾರ್ಟ್ ಅವರದು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ 1924ರ ಮೇ 16ರಂದು ಅವರು ತಮ್ಮ ಮೇಲಧಿಕಾರಿಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಇತ್ತು. ಮುಂದೆ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಬಳಸಿದ್ದು ನಾಲ್ಕರ ಗುಂಪು. ಐದು ಹೆಚ್ಚು ರೂಢಿಗೆ ಬರಲು ಲೆಕ್ಕದ ಅನುಕೂಲವೂ ಒಂದು ಕಾರಣ: ಮೊತ್ತವನ್ನು ಎರಡರಿಂದ ಗುಣಿಸಿ ದಶಮಾಂಶ ಒಂದು ಸ್ಥಾನ ಸರಿಸಿದರೆ ಐದರ ಸರಾಸರಿ ಬಂತು, ಕ್ಯಾಲ್ಕುಲೇಟರ್ ಇಲ್ಲದ ಕಾಲಕ್ಕೆ ಅದು ದೊಡ್ಡ ಸಹಾಯ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೂಲಕ ಶೂಹಾರ್ಟ್ 1947-48ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲೂ ಇದೆ.

ಪ್ರಶ್ನೆ: ನಮ್ಮ ಆರ್ ಚಾರ್ಟಿನಲ್ಲಿ ರೇಂಜ್ ಅನೇಕ ಸಲ ಸೊನ್ನೆ, ಇಲ್ಲವೇ 0.02. ಬೇರೆ ಅಂಕಿಯೇ ಬರುವುದಿಲ್ಲ.

ಉತ್ತರ: ನೀವು 0.02 ಮಿ.ಮೀ. ಲೀಸ್ಟ್ ಕೌಂಟ್‌ನ (ಓದಬಹುದಾದ ಅತಿ ಚಿಕ್ಕ ಅಳತೆ) ವರ್ನಿಯರ್‌ನಲ್ಲಿ ಅಳೆಯುತ್ತಿದ್ದೀರಿ. ಪೀಸ್‌ಗಳ ವ್ಯತ್ಯಾಸ ಅದಕ್ಕಿಂತ ಚಿಕ್ಕದು. ಆರ್ ಚಾರ್ಟಿನ ಲಿಮಿಟ್ ಒಳಗೆ ಕಡೇಪಕ್ಷ ಐದು ಬೇರೆ ಬೇರೆ ರೇಂಜ್ ಬೆಲೆಗಳು ಸಾಧ್ಯವಿರಬೇಕು. ಇಲ್ಲದಿದ್ದರೆ ಲಿಮಿಟ್ ನಂಬಲು ಬರುವುದಿಲ್ಲ, ಗುಂಪನ್ನು ಹೇಗೆ ಆರಿಸಿದರೂ ಅಷ್ಟೆ. 0.001 ಮಿ.ಮೀ. ಓದುವ ಮೈಕ್ರೋಮೀಟರ್ ಅಥವಾ ಕಂಪ್ಯಾರೇಟರ್ ತನ್ನಿ. ಓದಿದ ಅಂಕಿಯನ್ನು ಬರೆಯುವಾಗ ಹತ್ತಿರದ ದುಂಡು ಅಂಕಿಗೆ ಸರಿಸುವ ಅಭ್ಯಾಸ ಆಪರೇಟರ್‌ಗಳಿಗಿದೆಯೇ ಎಂದೂ ನೋಡಿ. ಒಳ್ಳೆಯ ಉಪಕರಣ ಇದ್ದ ಕಡೆ ತೊಂದರೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ಗಾರ್ಮೆಂಟ್ ಘಟಕ. ಐದು ಹೊಲಿಗೆ ಲೈನ್‌ಗಳಿವೆ, ದಿನಕ್ಕೆ ಪ್ರತಿ ಲೈನ್‌ನಿಂದ 50 ಪೀಸ್ ಚೆಕ್ ಮಾಡಿ, 250ನ್ನೂ ಒಂದು ಸಬ್‌ಗ್ರೂಪ್ ಮಾಡಿ, ದೋಷದ ಪೀಸ್ ಶೇಕಡಾ ಎಷ್ಟೆಂದು ತೋರಿಸುವ ಪಿ ಚಾರ್ಟ್ ಹಾಕುತ್ತೇವೆ. ದೋಷ ಶೇ. 2, ಚಾರ್ಟ್ ನೆಟ್ಟಗಿದೆ. ಇದಕ್ಕಿಂತ ಚೆನ್ನಾಗಿ ಮಾಡಬಹುದೇ?

ಉತ್ತರ: ಖಂಡಿತ. ನಾಲ್ಕು ಲೈನ್‌ಗಳಲ್ಲಿ ಶೇ. 1, ಒಂದರಲ್ಲಿ ಶೇ. 6 ದೋಷ ಇದ್ದರೂ ಒಟ್ಟು ಶೇ. 2 ಆಗುತ್ತದೆ. ಆ ಒಂದು ಲೈನ್‌ನ ದೋಷ ಶೇ. 12ಕ್ಕೆ ಏರಿದರೂ ಒಟ್ಟು ಶೇ. 3.2 ಮಾತ್ರ. 250ರ ಗುಂಪಿಗೆ ಮೇಲಿನ ಲಿಮಿಟ್ ಶೇ. 4.66 ಇರುವುದರಿಂದ ಚಾರ್ಟ್ ಮಿಸುಕುವುದೂ ಇಲ್ಲ. ಲೈನ್‌ಗೊಂದು ಚಾರ್ಟ್ ಮಾಡಿ.

ಆದರೆ ಲೈನ್‌ಗೆ ದಿನಕ್ಕೆ 50 ತೀರಾ ಚಿಕ್ಕ ಗುಂಪು. ಶೇ. 1 ದೋಷದ ಲೈನ್‌ನಲ್ಲಿ ಮೇಲಿನ ಲಿಮಿಟ್ ಶೇ. 5.2 ಬರುತ್ತದೆ, 50ರಲ್ಲಿ 3 ಸಿಕ್ಕರೆ ಬಿಂದು ಹೊರಗೆ. ಏನೂ ಬದಲಾಗದಿದ್ದರೂ ಸುಮಾರು 70 ದಿನಕ್ಕೊಮ್ಮೆ ಹಾಗೆ ಆಗುತ್ತದೆ. ಸರಾಸರಿ ಚಾರ್ಟಿನಲ್ಲಿ ಇಂಥ ಸುಳ್ಳು ಎಚ್ಚರಿಕೆ ಸುಮಾರು 370 ಬಿಂದುಗಳಿಗೆ ಒಂದು. ಗುಂಪಿನಲ್ಲಿ ಸರಾಸರಿ ಐದಾದರೂ ದೋಷದ ಪೀಸ್ ಇರುವಷ್ಟು ಸಂಖ್ಯೆ ತೆಗೆದುಕೊಳ್ಳಿ ಎಂಬುದು ರೂಢಿಯ ಸಲಹೆ. ಶೇ. 1ಕ್ಕೆ ಅದು 500 ಪೀಸ್. ಅಷ್ಟು ಆಗದಿದ್ದರೆ ಲೈನ್‌ನ ಆರು ದಿನದ 300 ಪೀಸ್ ಸೇರಿಸಿ ವಾರಕ್ಕೊಂದು ಬಿಂದು ಹಾಕಬಹುದು, ಲಿಮಿಟ್ ಶೇ. 2.7. ವಾರ ಕಾಯುವುದು ತಡವಾಯಿತು ಎನಿಸಿದರೆ ಎರಡು ದೋಷಗಳ ನಡುವೆ ಎಷ್ಟು ಒಳ್ಳೆಯ ಪೀಸ್ ಬಂದವು ಎಂದು ಎಣಿಸುವ ಜಿ ಚಾರ್ಟ್ ಇದೆ. ಲೈನ್ ಮಾತ್ರ ಬೆರೆಸಬೇಡಿ, ಹೊಸ ಸ್ಟೈಲ್ ಶುರುವಾದ ದಿನವನ್ನು ಹಳೆಯದರ ಜೊತೆಗೂ ಸೇರಿಸಬೇಡಿ.

ಪ್ರಶ್ನೆ: ಸಿಪಿಕೆ 2ರ ಹತ್ತಿರ ಬರುತ್ತದೆ, ಪಿಪಿಕೆ 1 ಮಾತ್ರ. ಕಸ್ಟಮರ್‌ಗೆ ಯಾವುದನ್ನು ಕೊಡಲಿ?

ಉತ್ತರ: ಎರಡನ್ನೂ ಕೊಡಿ. ಪ್ರಕ್ರಿಯೆಯ ಚದುರುವಿಕೆಗೆ ಹೋಲಿಸಿದರೆ ಟಾಲರೆನ್ಸ್‌ನಲ್ಲಿ ಎಷ್ಟು ಜಾಗವಿದೆ ಎಂದು ಹೇಳುವ ಅಂಕಿಗಳಿವು; ದೊಡ್ಡದಿದ್ದಷ್ಟೂ ಒಳ್ಳೆಯದು. ಸಿಪಿಕೆ ಲೆಕ್ಕಕ್ಕೆ ಸಿಗ್ಮಾ ಬರುವುದು ಸಬ್‌ಗ್ರೂಪಿನ ಒಳಗಿನ ರೇಂಜಿನಿಂದ: ಸರಾಸರಿ ರೇಂಜನ್ನು ಡಿ2ರಿಂದ ಭಾಗಿಸಿದ್ದು, ಐದರ ಗುಂಪಿಗೆ ಡಿ2 ಬೆಲೆ 2.326. ಪಿಪಿಕೆಗೆ ಎಲ್ಲ ಅಂಕಿಗಳ ಒಟ್ಟು ಸ್ಟ್ಯಾಂಡರ್ಡ್ ಡೀವಿಯೇಷನ್. ಟಾಲರೆನ್ಸ್ ಆಚೀಚೆ 30 ಮೈಕ್ರಾನ್, ಒಳಗಿನ ಸಿಗ್ಮಾ 5, ಒಟ್ಟು ಸಿಗ್ಮಾ 10 ಇದ್ದು ಸರಾಸರಿ ನಡುವಿನಲ್ಲಿದ್ದರೆ ಸಿಪಿಕೆ 2, ಪಿಪಿಕೆ 1. ಮೆಷಿನ್ನಿಗೆ ಆ ಸಾಮರ್ಥ್ಯವಿದೆ, ಆದರೆ ಗುಂಪಿನಿಂದ ಗುಂಪಿಗೆ ಏನೋ ಸರಿಯುತ್ತಲೇ ಇದೆ ಎಂದು ಇದರ ಅರ್ಥ. ಶಿಫ್ಟ್ ಬದಲಾದಾಗ, ಸೆಟ್ಟಿಂಗ್ ಮಾಡಿದಾಗ, ಮೆಟೀರಿಯಲ್ ಬದಲಾದಾಗ ಎಕ್ಸ್-ಬಾರ್ ಚಾರ್ಟ್ ಎಲ್ಲಿ ಜಿಗಿದಿದೆ ನೋಡಿ. ಗುಂಪನ್ನು ಚದುರಿಸಿ ತೆಗೆದರೆ ಈ ಎರಡು ಅಂಕಿಗಳು ಹತ್ತಿರ ಬರುತ್ತವೆ. ಅದು ಸುಧಾರಣೆಯಲ್ಲ, ಒಳಗಿನ ಸಿಗ್ಮಾ ಹಿಗ್ಗಿದ್ದಷ್ಟೇ. ಹಾಗಾಗಿ ಸಬ್‌ಗ್ರೂಪ್ ಹೇಗೆ ತೆಗೆದಿರಿ ಎಂದು ಬರೆಯದೆ ಕೊಟ್ಟ ಸಿಪಿಕೆಗೆ ಬೆಲೆಯಿಲ್ಲ.

ಪ್ರಶ್ನೆ: ಎರಡು ಹೆಡ್‌ನ ಪೌಚ್ ಮೆಷಿನ್‌ನಲ್ಲಿ ಅರ್ಧ ಲೀಟರ್ ಹಾಲು ತುಂಬುತ್ತೇವೆ. ಎರಡೂ ಹೆಡ್‌ನ ಪೌಚ್ ಒಂದೇ ಬೆಲ್ಟಿಗೆ ಬೀಳುತ್ತವೆ. ಹೊಸದಾಗಿ ಚಾರ್ಟ್ ಶುರು ಮಾಡಬೇಕು. ಮೊದಲ ದಿನದಿಂದ ಏನೇನು ಮಾಡಬೇಕು? — ಪ್ಯಾಕಿಂಗ್ ವಿಭಾಗ, ಮಂಡ್ಯ

ಉತ್ತರ: ಬೆಲ್ಟಿನಿಂದ ತೆಗೆಯುವುದನ್ನು ಮೊದಲು ನಿಲ್ಲಿಸಿ. ಅಲ್ಲಿ ಕೈಗೆ ಸಿಕ್ಕ ನಾಲ್ಕರಲ್ಲಿ ಒಮ್ಮೆ ಮೂರು ಒಂದು ಹೆಡ್‌ನವು, ಇನ್ನೊಮ್ಮೆ ಎರಡೆರಡು. ಯಾವ ಹೆಡ್ ಎಂದು ಗೊತ್ತಿಲ್ಲದ ಪೌಚಿನ ತೂಕದಿಂದ ಮುಂದೆ ಏನೂ ಮಾಡಲಾಗದು. ಹೆಡ್‌ನ ಬುಡದಲ್ಲೇ ಹಿಡಿಯಿರಿ.

ಚಾರ್ಟ್ ಹಾಕುವ ಮೊದಲು ಎರಡು ಶಿಫ್ಟ್ ಬರೀ ಮಾಹಿತಿ ಕೂಡಿಸಿ. ಅರ್ಧ ಗಂಟೆಗೊಮ್ಮೆ ಪ್ರತಿ ಹೆಡ್‌ನಿಂದ ಸಾಲಾಗಿ ಮೂರು ಪೌಚ್, ಪ್ರತಿಯೊಂದರ ತೂಕ, ಹೆಡ್, ಸಮಯ. ತಕ್ಕಡಿ 0.1 ಗ್ರಾಂ ಓದಬೇಕು, ಪೌಚಿನ ಹೊರಗಿನ ಹಾಲು, ನೀರು ಒರೆಸಿಯೇ ತೂಗಬೇಕು. ಖಾಲಿ ಫಿಲ್ಮ್‌ನ ತೂಕ ಕಳೆಯಿರಿ. ಹಾಲಿನ ಸಾಂದ್ರತೆ ಸುಮಾರು 1.03 ಇರುವುದರಿಂದ 500 ಮಿ.ಲೀ. ಅಂದರೆ ಸುಮಾರು 515 ಗ್ರಾಂ. ಹಾಲಿನ ಬಗೆ ಬದಲಾದಾಗ ಸಾಂದ್ರತೆ ಅಳೆದು ಗುರಿಯ ತೂಕ ಸರಿಪಡಿಸಿಕೊಳ್ಳಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ಒಂದೊಂದು ಮೂರರ ಗುಂಪನ್ನೂ ಒಂದು ಉದ್ದಗೆರೆಯಾಗಿ, ಮೂರೂ ತೂಕ ಚುಕ್ಕೆಯಾಗಿ, ಹೆಡ್‌ಗೊಂದು ಬಣ್ಣದಲ್ಲಿ ಗುರುತಿಸಿ. ಗೆರೆಗಳೇ ಉದ್ದವಾಗಿದ್ದರೆ ಪೌಚಿನಿಂದ ಪೌಚಿಗೆ ವ್ಯತ್ಯಾಸ ಹೆಚ್ಚು, ವಾಲ್ವ್ ನೋಡಬೇಕು. ಎರಡು ಬಣ್ಣ ಬೇರೆ ಬೇರೆ ಎತ್ತರದಲ್ಲಿ ಓಡಿದರೆ ಹೆಡ್ ಹೊಂದಿಕೆ ತಪ್ಪಿದೆ. ಎರಡೂ ಬಣ್ಣ ಒಟ್ಟಿಗೆ ಏರಿ ಇಳಿದರೆ ಮೇಲಿನ ಟ್ಯಾಂಕಿನ ಮಟ್ಟ ಏರಿಳಿಯುತ್ತಿದೆ.

ಮೂರರಲ್ಲಿ ದೊಡ್ಡದು ಯಾವುದೆಂದು ತಿಳಿದ ಮೇಲೆ ಗುಂಪು ತಾನೇ ಸ್ಪಷ್ಟವಾಗುತ್ತದೆ. ನಿಮ್ಮಂಥ ಮೆಷಿನ್‌ಗೆ ಹೆಡ್‌ಗೊಂದು ಚಾರ್ಟ್, ಒಂದೇ ಹೆಡ್‌ನ ನಾಲ್ಕು ಪೌಚ್ ಒಂದು ಗುಂಪು, ಅರ್ಧ ಗಂಟೆಗೊಮ್ಮೆ ಎಂದು ಶುರು ಮಾಡುವುದು ಸರಿಹೋಗುತ್ತದೆ. ಮೆಷಿನ್ ಬಹಳ ವೇಗವಾಗಿದ್ದು, ಪಕ್ಕಪಕ್ಕದ ಪೌಚ್‌ಗಳು ತೀರಾ ಒಂದೇ ತೂಕ ಬಂದು, ಕಾರಣವಿಲ್ಲದೆ ಬಿಂದುಗಳು ಹೊರಗೆ ಬೀಳತೊಡಗಿದರೆ, ನಾಲ್ಕು ಪೌಚ್‌ಗಳ ನಡುವೆ ಇಪ್ಪತ್ತು ಇಪ್ಪತ್ತು ಪೌಚ್ ಬಿಟ್ಟು ತೆಗೆಯಿರಿ. ಫಿಲ್ಮ್ ರೋಲ್ ಬದಲಾದ ಮೇಲೆ, ಶಿಫ್ಟ್ ಬದಲಾದ ಮೇಲೆ ಹೊಸ ಗುಂಪು. ಯಾವ ಗುಂಪೂ ಅವೆರಡನ್ನು ದಾಟಿ ನಿಲ್ಲಬಾರದು.

25 ಗುಂಪು, ಅಂದರೆ ಹೆಡ್‌ಗೆ 100 ತೂಕ ಆದ ಮೇಲೆ ಲಿಮಿಟ್ ಹಾಕಿ. ಮೊದಲು ಆರ್ ಚಾರ್ಟ್. ನಾಲ್ಕರ ಗುಂಪಿಗೆ ಮೇಲಿನ ಲಿಮಿಟ್ ಸರಾಸರಿ ರೇಂಜಿನ 2.282 ಪಟ್ಟು, ಕೆಳಗಿನದು ಸೊನ್ನೆ. ಅಲ್ಲಿ ಹೊರಬಿದ್ದ ಗುಂಪುಗಳಿಗೆ ಕಾರಣ ಸಿಕ್ಕರೆ ಅವನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಕಾರಣ ಸಿಗದಿದ್ದರೆ ಬಿಡಬೇಡಿ, ಇನ್ನಷ್ಟು ಗುಂಪು ಕೂಡಿಸಿ. ಆರ್ ಚಾರ್ಟ್ ನೆಲೆನಿಂತ ಮೇಲಷ್ಟೇ ಎಕ್ಸ್-ಬಾರ್ ಲಿಮಿಟ್ ಎಳೆಯಿರಿ. ಚಾರ್ಟಿನ ತಲೆಯಲ್ಲಿ ಹೀಗೆ ಬರೆಯಿಸಿ: ‘ಹೆಡ್ 1, ಸಾಲಾಗಿ 4 ಪೌಚ್, ಅರ್ಧ ಗಂಟೆಗೊಮ್ಮೆ, ಸೆಟ್ಟಿಂಗ್ ಮುಟ್ಟುವ ಮೊದಲು, ನಿವ್ವಳ ಗ್ರಾಂ’. ರಾತ್ರಿ ಪಾಳಿಯವರೂ ಹಗಲಿನವರಂತೆಯೇ ತೆಗೆಯಬೇಕಾದರೆ ಆ ಒಂದು ಸಾಲು ಅಲ್ಲಿರಲೇಬೇಕು. ವಾಲ್ವ್ ಅಥವಾ ನಾಝಲ್ ಬದಲಿಸಿದರೆ ಹಳೆಯ ಲಿಮಿಟ್ ತೆಗೆದುಹಾಕಿ, ಮತ್ತೆ 25 ಗುಂಪು ಕೂಡಿಸಿ.